ಕಂಬಳಿ ವಾಪಸ್ ಕೇಳಲು ದುರ್ಗಕ್ಕೆ

ಹೊಸದುರ್ಗದಲ್ಲಿ ಬೆಳಗಿನ ಬಸ್ಸು ಹತ್ತುತ್ತಿದ್ದ ಹಾಗೆ ನಮ್ಮತ್ತೆ ಸೆರಗಿನ ಗಂಟಿನಿಂದ ಆಧಾರ್ ಕಾರ್ಡು ಬಿಚ್ಚಿ, ಕಂಡಕ್ಟರು ಕೇಳುವ ಮೊದಲೇ ಅವನ ಮೂಗಿನ ಹತ್ತಿರ ಹಿಡಿದರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಆದರೂ ಟಿಕೆಟ್ ಕೈಗೆ ಬರುವ ತನಕ ಅವರಿಗೆ ಸಮಾಧಾನವಿಲ್ಲ. ಮಾಗಿಯ ಚಳಿ, ಕಿಟಕಿಯ ಗಾಜು ಅರ್ಧಕ್ಕೇ ನಿಂತಿತ್ತು. ಶಾಲು ಕೊಟ್ಟರೆ ನನಗೇನು ಚಳಿ, ನೀನೇ ಹೊದ್ದುಕೋ ಎಂದು ಬಿಗುಮಾನ ಮಾಡಿದರು. ಹೊಳಲ್ಕೆರೆ ಮುಟ್ಟುವುದರೊಳಗೆ ಶಾಲು ಅವರ ಮೈಮೇಲಿತ್ತು.

ನಾವು ಚಿತ್ರದುರ್ಗಕ್ಕೆ ಹೊರಟಿದ್ದು ಕೋಟೆ ನೋಡಲಿಕ್ಕಲ್ಲ, ಕೊಟ್ಟುಬಿಟ್ಟಿದ್ದ ಒಂದು ಕಂಬಳಿಯನ್ನು ವಾಪಸ್ ಕೇಳಲಿಕ್ಕೆ.

ನನ್ನ ಗಂಡನ ಮನೆಯವರು ತಲೆತಲಾಂತರದಿಂದ ಕುರಿ ಸಾಕಿದವರು. ಅವರಲ್ಲಿ ಒಂದು ಕರಿ ಕಂಬಳಿ ಇತ್ತು, ಅತ್ತೆಯ ಅತ್ತೆ ನೂತ ಉಣ್ಣೆಯದು. ಮನೆಯ ಮದುವೆಗಳಲ್ಲಿ ಅದನ್ನು ಹಾಸಿ ಹೆಣ್ಣು ಗಂಡನ್ನು ಕೂರಿಸಬೇಕು. ಹೊಸಿಲು ದಾಟಿ ಬಂದ ಸೊಸೆಯನ್ನು ಅದರ ಮೇಲೆ ಕೂರಿಸಿ ಮಡಿಲಿಗೆ ಅಕ್ಕಿ ಹಾಕಬೇಕು. ಅಲ್ಲಿಂದಾಚೆಗೆ ಅವಳು ಆ ಮನೆಯವಳು. ಕೆಲವು ವರ್ಷಗಳ ಹಿಂದೆ ದುರ್ಗದ ಒಂದಷ್ಟು ಜನ ಸೇರಿ ಹಳೆಯ ಮನೆವಸ್ತುಗಳ ಸಂಗ್ರಹಾಲಯ ಮಾಡುತ್ತೇವೆಂದು ಹಳ್ಳಿ ಹಳ್ಳಿ ಸುತ್ತಿ ಸಾಮಾನು ಕೇಳಿದರು. ಈಗ ಕಲ್ಯಾಣಮಂಟಪದಲ್ಲಿ ಕೆಂಪು ಸೋಫಾ ಹಾಕುತ್ತಾರೆ, ಕಂಬಳಿ ಯಾರಿಗೆ ಬೇಕು ಎಂದುಕೊಂಡ ಅತ್ತೆ ಕೈಯಾರೆ ಎತ್ತಿ ಕೊಟ್ಟರು. ಈಗ ನನ್ನ ಮಗಳ ಮದುವೆ ಗೊತ್ತಾಗಿದೆ. ಹಿರಿಯೂರಿನ ಸಂಬಂಧ, ಅವರೂ ಕುರಿಯ ಮಂದಿ. ಮಾತುಕತೆಯ ದಿನ ಬೀಗರ ಮನೆಯ ಅಜ್ಜಿ ಚಿನ್ನ ಬಟ್ಟೆಯ ಸುದ್ದಿ ಬಿಟ್ಟು, ನಿಮ್ಮ ಮನೆ ಕಂಬಳಿ ತರುತ್ತೀರಲ್ಲ ಎಂದು ಕೇಳಿದರು. ಇಲ್ಲ ಅನ್ನಲು ನಾಚಿಕೆಯಾಗಿ ನಮ್ಮತ್ತೆ ಹೂಂ ಅಂದುಬಿಟ್ಟರು.

ನನ್ನ ಹೊಟ್ಟೆಯಲ್ಲಿ ಬೇರೆಯೇ ಉರಿ ಇತ್ತು. ಅದನ್ನೇಕೆ ಮುಚ್ಚಿಡಲಿ? ನನ್ನನ್ನು ಆ ಕಂಬಳಿಯ ಮೇಲೆ ಕೂರಿಸಿರಲಿಲ್ಲ. ನಾನು ಹೊಳಲ್ಕೆರೆಯ ದರ್ಜಿಯ ಮಗಳು, ಬೇರೆ ಜಾತಿ, ನಮ್ಮದು ರಿಜಿಸ್ಟರ್ ಮದುವೆ. ಮನೆಗೆ ಬಂದ ದಿನ ಅತ್ತೆ ಬೈಯಲಿಲ್ಲ, ಅಳಲೂ ಇಲ್ಲ. ಇದರ ಮೇಲೆ ಕೂರಂಗಿಲ್ಲ ಎಂದಷ್ಟೇ ಹೇಳಿ, ನನ್ನ ಗಂಡ ತಾನೇ ಹಾಸಿದ್ದ ಕಂಬಳಿಯನ್ನು ಸುತ್ತಿ ಎತ್ತಿಟ್ಟು, ನನಗೊಂದು ಚಾಪೆ ಬಿಡಿಸಿದರು. ಆಮೇಲೆ ಇಷ್ಟು ವರ್ಷ ಒಂದೇ ಒಲೆಯ ಮೇಲೆ ಮುದ್ದೆ ತಿರುವಿದ್ದೇವೆ, ಅವರ ರವಿಕೆಗಳನ್ನೆಲ್ಲ ನಾನೇ ಹೊಲಿದಿದ್ದೇನೆ. ಆ ಮಾತನ್ನು ಮಾತ್ರ ಇಬ್ಬರೂ ಎತ್ತಿಲ್ಲ. ಈಗ ತಾಯಿ ಕೂರದ ಕಂಬಳಿಯ ಮೇಲೆ ಮಗಳು ಕೂರಬೇಕು, ಅದನ್ನು ಬೇಡಿ ತರಲು ತಾಯಿಯೇ ಜೊತೆಗೆ ಹೋಗಬೇಕು. ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ.

ಹೊಸದುರ್ಗದಿಂದ ಹೊಳಲ್ಕೆರೆ ಮೂವತ್ತು ಕಿಲೋಮೀಟರು ಚಿಲ್ಲರೆ. ಅಲ್ಲಿ ಡ್ರೈವರು ಟೀ ಕುಡಿಯಲು ಇಳಿದ. ನಮ್ಮಪ್ಪನ ಅಂಗಡಿ ಇದ್ದ ಕಡೆ ಈಗ ಮೊಬೈಲ್ ಅಂಗಡಿ ಬಂದಿದೆ. ಕಿಟಕಿಯಿಂದ ಕೈತೋರಿಸಿದೆ. ಅತ್ತೆ ಕತ್ತು ಚಾಚಿ ನೋಡಿ, ನಿಮ್ಮಪ್ಪ ಮಿಷನ್ ತುಳಿಯುತ್ತಿದ್ದದ್ದು ಅಲ್ಲೇ ಏನೇ ಅಂದರು. ನನ್ನಪ್ಪನ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ಹೂಂ ಅಂದೆ, ಅಷ್ಟೇ.

ಹೊಳಲ್ಕೆರೆ ದಾಟಿದ ಮೇಲೆ ಬಿಸಿಲು ಏರಿತು. ಮೆಕ್ಕೆಜೋಳ ಮುರಿದಾದ ಹೊಲಗಳು ಬೋಳಾಗಿದ್ದವು, ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಯಾರ ಸೆಕೆಗೆ ಇಷ್ಟು ಫ್ಯಾನು ಹಾಕಿದ್ದಾರೋ ಎಂದು ಅತ್ತೆ ಕೇಳಿದ್ದಕ್ಕೆ ಮುಂದಿನ ಸೀಟಿನ ಹೆಂಗಸು ನಗುತ್ತಾ ಹಿಂದಕ್ಕೆ ತಿರುಗಿದಳು. ಎಲ್ಲಿಗೆ ಹೊರಟಿರಿ ಅತ್ತೆ ಸೊಸೆ ಎಂದು ವಿಚಾರಿಸಿ, ಒಂದೇ ಸೀಟಿನಲ್ಲಿ ಕೂತಿದ್ದೀರಲ್ಲ, ಅದೇ ದೊಡ್ಡದು ಅಂದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನೂ ಸೇರಿಸಿದೆ. ಅತ್ತೆ ನಗಲಿಲ್ಲ.

ದುರ್ಗದಲ್ಲಿ ಇಳಿದಾಗ ಸಂಗ್ರಹಾಲಯದ ಬಾಗಿಲು ತೆಗೆಯಲು ಇನ್ನೂ ಹೊತ್ತಿತ್ತು. ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಮೆಣಸಿನಕಾಯಿ ಬಿಸಿಯಾಗಿ ಚೆನ್ನಾಗಿತ್ತು, ಟೀ ಮಾತ್ರ ಪಾನಕ. ಆಟೋದವನು ಎರಡು ಬೀದಿ ತಪ್ಪಿ, ಕೊನೆಗೆ ಒಂದು ಹಳೇ ಹೆಂಚಿನ ಮನೆಯ ಮುಂದೆ ಇಳಿಸಿದ.

ಒಳಗೆ ನೋಡಿದರೆ ನಮ್ಮ ಅಟ್ಟದ ಸಾಮಾನೆಲ್ಲ ಸ್ನಾನ ಮಾಡಿ ಸಾಲಾಗಿ ಕೂತ ಹಾಗಿತ್ತು. ಬೀಸುವ ಕಲ್ಲು, ಕಡಗೋಲು, ಸೇರು, ಪಾವು, ಹಾಲು ಕರೆಯುವ ಚೊಂಬು, ಕವಡೆ ಹೊಲಿದ ಸಿಂಬೆ. ಒರಳಿನ ಮುಂದೆ ಮುಟ್ಟಬೇಡಿ ಎಂದು ಬರೆದಿತ್ತು. "ನಮ್ಮನೇಲಿ ಇದ್ರಾಗೆ ಕೋಳಿಗೆ ನೀರಿಡ್ತೀವಿ," ಎಂದು ಅತ್ತೆ ಗಟ್ಟಿಯಾಗಿಯೇ ಹೇಳಿದರು. ನಾನು ಬಟ್ಟೆಗಳ ಕೋಣೆಯಲ್ಲಿ ಸಿಕ್ಕಿಬಿದ್ದೆ. ಮುಂದೆ ಗಂಟು ಹಾಕುವ ಒಂದು ಕುಪ್ಪಸ ಇತ್ತು. ಕಂಕುಳಿನ ಕಡೆ ತೇಪೆ, ಅದರ ಮೇಲೆ ಇನ್ನೊಂದು ತೇಪೆ, ಎರಡಕ್ಕೂ ಬೇರೆ ಬೇರೆ ದಾರ. ತೊಟ್ಟವಳು ಯಾರೋ, ಅವಳ ಹೆಸರು ಬರೆದಿರಲಿಲ್ಲ. ಮಗುವಿನ ಕುಲಾವಿಯೊಂದರ ಅಂಚಿನಲ್ಲಿ ಎಣ್ಣೆಯ ಕಲೆ ಇನ್ನೂ ಹೋಗಿರಲಿಲ್ಲ. ಯಾವ ತಲೆಯ ಎಣ್ಣೆಯೋ ಅನ್ನಿಸಿ ಅಲ್ಲಿಂದ ಕಾಲು ಕೀಳಲು ಕಷ್ಟವಾಯಿತು.

ನಮ್ಮ ಕಂಬಳಿ ಕೊನೆಯ ಕೋಣೆಯಲ್ಲಿತ್ತು, ಗಾಜಿನ ಪೆಟ್ಟಿಗೆಯೊಳಗೆ, ಅಂಚಿನ ಕೆಂಪು ಎಳೆ ಕಾಣುವ ಹಾಗೆ ಮಡಿಸಿ. ಅತ್ತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಹತ್ತಿರ ಹೋಗಿ ನಿಂತರು. ಅಲ್ಲಿನ ಉಸ್ತುವಾರಿ ನೋಡಿಕೊಳ್ಳುವ ಹುಡುಗಿ ಬಂದಳು, ನನ್ನ ಮಗಳದೇ ವಯಸ್ಸು. ಮದುವೆಯ ವಿಷಯವನ್ನೆಲ್ಲ ಹೇಳಿದೆವು. ಒಂದು ದಿನದ ಮಟ್ಟಿಗೆ ಕೊಟ್ಟರೆ ಸಾಕು, ಮಾರನೇ ದಿನವೇ ತಂದುಕೊಡುತ್ತೇವೆ ಎಂದು ಅತ್ತೆ ಅಂಗಲಾಚಿದರು. ನಮ್ಮತ್ತೆ ಯಾರ ಮುಂದೆಯೂ ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಹುಡುಗಿ ಮರ್ಯಾದೆಯಿಂದಲೇ ಆಗುವುದಿಲ್ಲ ಅಂದಳು. ಒಬ್ಬರಿಗೆ ಕೊಟ್ಟರೆ ಎಲ್ಲರೂ ಬರುತ್ತಾರೆ, ಕೊನೆಗೆ ಇಲ್ಲಿ ಗಾಜು ಮಾತ್ರ ಉಳಿಯುತ್ತದೆ. ಅವಳ ಮಾತು ತಪ್ಪೆನ್ನುವ ಹಾಗಿರಲಿಲ್ಲ.

ಆದರೂ ಒಂದು ಉಪಕಾರ ಮಾಡಿದಳು. ಪೆಟ್ಟಿಗೆಯ ಬೀಗ ತೆಗೆದು, ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಕಂಬಳಿಯನ್ನು ಅದರ ಮೇಲೆ ಪೂರ್ತಿ ಬಿಡಿಸಿ ತೋರಿಸಿದಳು. ನುಸಿಗುಳಿಗೆಯ ವಾಸನೆ ಕೋಣೆ ತುಂಬಿತು. ಅತ್ತೆ ಕುಕ್ಕರಗಾಲಿನಲ್ಲಿ ಕೂತು ಅಂಚನ್ನು ಸವರಿದರು. ಆಮೇಲೆ ನನ್ನ ಕಡೆ ನೋಡದೆಯೇ, "ಶಾರದಾ, ಬಾ ಇಲ್ಲಿ. ಕುತ್ಕ," ಅಂದರು.

ಹುಡುಗಿ ಗಾಬರಿಯಿಂದ ಅಡ್ಡ ಬಂದಳು. "ಅಜ್ಜಿ, ಅದ್ರ ಮೇಲೆ ಕೂರಂಗಿಲ್ಲ."

ಅತ್ತೆ ಕಂಬಳಿಯಿಂದ ಕೈ ತೆಗೆಯಲಿಲ್ಲ. "ಇವಳು ನಮ್ಮ ಸೊಸೆ ಕಣಮ್ಮ," ಅಂದರು. "ಅವತ್ತು ನಾನೂ ಇದೇ ಮಾತಂದಿದ್ದೆ."

ಹುಡುಗಿಗೆ ಅದು ತಿಳಿಯಲಿಲ್ಲ. ನನಗೆ ತಿಳಿಯಿತು. ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಕೊಡಬೇಕಾದಾಗ ಕೊಡದೆ, ಕೈಯಲ್ಲಿ ಇಲ್ಲದಾಗ ಕೊಡಲು ಬಂದರಲ್ಲ ಈ ಮುದುಕಿ ಅನ್ನಿಸಿತು. ಕಂಬಳಿ ಮತ್ತೆ ಮಡಿಕೆಯಾಗಿ ಗಾಜಿನೊಳಗೆ ಹೋಯಿತು, ಬೀಗ ಬಿತ್ತು. ಬಾಗಿಲ ಹತ್ತಿರ ಅತ್ತೆ ಚಪ್ಪಲಿ ಹಾಕಿಕೊಳ್ಳಲು ಆಗದೆ ನನ್ನ ಭುಜ ಹಿಡಿದುಕೊಂಡರು.

ಅಲ್ಲಿಂದ ಹಿರಿಯೂರಿಗೆ ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರು. ಬಸ್ಸು ಗಾಳಿಯಂತೆ ಹೋಯಿತು. ಹೊಳಲ್ಕೆರೆ ಕಡೆಯ ಬಸ್ಸು ತಡವಿತ್ತೆಂದು, ಹಿರಿಯೂರಿನಿಂದ ಮಾರಿಕಣಿವೆ ದಾರಿಯಲ್ಲಿ ಊರಿಗೆ ವಾಪಸಾಗುವುದೆಂದು ಲೆಕ್ಕ ಹಾಕಿದ್ದೆ. ಹಿರಿಯೂರಿನಲ್ಲಿ ಇಳಿದದ್ದೇ ಅತ್ತೆ ನನ್ನನ್ನು ಕೇಳದೆ ಪೇಟೆಯ ಕಡೆ ನಡೆದರು. ತೆಂಗಿನಕಾಯಿ ಮಂಡಿ ದಾಟಿ, ಗಂಡ ಹೆಂಡತಿ ಕೂತು ಕಂಬಳಿ ಮಾರುವ ಒಂದು ಜಗಲಿಯ ಮುಂದೆ ನಿಂತರು. ಒಂದೊಂದನ್ನೂ ಎಳೆದರು, ಬೆಳಕಿಗೆ ಹಿಡಿದರು, ಬಿರುಸಾಗಲೆಂದು ಹುಣಸೆಬೀಜದ ಗಂಜಿ ಎಷ್ಟು ಹಾಕಿದ್ದಾರೆಂದು ಮೂಸಿದರು. ಕೊನೆಗೆ ಕರಿಯದೊಂದನ್ನು ಆರಿಸಿದರು. ಬೀಗರಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. ಹಳೇದು ಇಲ್ಲ, ಕೊಟ್ಟುಬಿಟ್ಟೆ ಎಂದು ನಾನೇ ಹೇಳುತ್ತೇನೆ, ಬೈದರೆ ನನ್ನನ್ನೇ ಬೈಯಲಿ ಅಂದರು.

ಕಂಬಳಿಯನ್ನು ಮಡಿಸಿ ಕಟ್ಟಲು ಹೊರಟ ಅಂಗಡಿಯವಳನ್ನು ತಡೆದರು. ಅದನ್ನು ಕೊಡವಿ ಆ ಜಗಲಿಯ ಮೇಲೆಯೇ ಹಾಸಿದರು. ಪಕ್ಕದ ದಿನಸಿ ಅಂಗಡಿಯಿಂದ ಒಂದು ಪೊಟ್ಟಣ ಅಕ್ಕಿ ತಂದರು. "ನನ್ನ ಮೊಮ್ಮಗಳಿಗಿಂತ ಮುಂಚೆ ನೀನು ಕೂರಬೇಕು," ಅಂದರು. ಪೇಟೆಯ ಜನ ನೋಡುತ್ತಿದ್ದರು. ಹಮಾಲಿಯೊಬ್ಬ ಮೂಟೆ ಹೊತ್ತುಕೊಂಡೇ ನಿಂತುಬಿಟ್ಟ. ತಲೆಯಲ್ಲಿ ಅರ್ಧ ಬಿಳಿ ಕೂದಲಿಟ್ಟುಕೊಂಡು ನಾನು ಹೊಸ ಸೊಸೆಯ ಹಾಗೆ ಚಕ್ಕಂಬಕ್ಕಳ ಹಾಕಿ ಕೂತೆ. ಅತ್ತೆ ಪೊಟ್ಟಣ ಸುರಿದ ರಭಸಕ್ಕೆ ಒಂದಿಷ್ಟು ಅಕ್ಕಿ ಮಡಿಲಿಗೆ, ಉಳಿದದ್ದು ಜಗಲಿಗೆ ಬಿತ್ತು.

ಹೊಸ ಕಂಬಳಿ ಮೆತ್ತಗಿರುವುದಿಲ್ಲ. ಸೀರೆ ದಾಟಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆ ಕಡೆ ನಿಲ್ದಾಣದಲ್ಲಿ ಹೊಸದುರ್ಗ, ಹೊಸದುರ್ಗ ಎಂದು ಕಂಡಕ್ಟರು ಕೂಗುವುದು ಕೇಳಿಸಿತು.

"ಏಳೇ, ಬಸ್ ತಪ್ತದೆ," ಅಂದರು ಅತ್ತೆ.

"ತಪ್ಲಿ ಬಿಡ್ರಿ," ಅಂದೆ.