ಚಪ್ಪಲಿಗಳ ಪಕ್ಕದ ತಮಟೆ

ಇವತ್ತು ಶಿರಾದ ನಮ್ಮ ಚರ್ಚಿನ ಹಿಂದೆ ಹುಡುಗರು ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ಬಿಸಿ ಚರ್ಮದ ಆ ವಾಸನೆಗೆ ನನಗೆ ಅಪ್ಪನ ತಮಟೆ ನೆನಪಾಯಿತು.

ಆಗ ಮಹಾರಾಜರ ಕಾಲ, ನಾನಿನ್ನೂ ಚಿಕ್ಕ ಹುಡುಗಿ. ಸಮುದ್ರದಾಚೆಯ ಚರ್ಚಿನವರು ಕಳಿಸಿದ್ದ ಬಿಳಿ ದೊರೆಸಾನಿ ಇದೇ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸಿ ಹಾಡು ಕಲಿಸುತ್ತಿದ್ದರು. ಅಪ್ಪ ತನ್ನ ತಮಟೆಯನ್ನು ಹೊರಗೆ ಚಪ್ಪಲಿಗಳ ಪಕ್ಕ ಇಟ್ಟು ಒಳಗೆ ಬಂದು ಕೂತಿದ್ದ. ಅದು ಗುಡಿಯ ಮೆಟ್ಟಿಲಿಗೆ ತಾಗಿತೆಂದು ಹಿಂದೊಮ್ಮೆ ಅವನಿಗೆ ಬಿದ್ದಿದ್ದ ಏಟನ್ನು ನಾನು ಮರೆತಿರಲಿಲ್ಲ.

ಹಾಡಿನ ನಡುವೆ ದೊರೆಸಾನಿ ಎದ್ದು ಹೊರಗೆ ಹೋದರು. ತಮಟೆ ಹಿಡಿದು ಬಂದು, "ಇದು ಯಾರದು?" ಎಂದರು. ನಾನು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ನಂದೇ ತಾಯಿ. ಆಚೆಗೇ ಮಡಗಿದ್ದೆ," ಎಂದ ಅಪ್ಪ.

"ಬಾರಿಸಿ."

"ತಣ್ಣಗಾಗೈತೆ ತಾಯಿ. ಕಾಯಿಸ್ದೆ ನುಡಿಯಾಕಿಲ್ಲ."

ಅಪ್ಪ ಹೊರಗೆ ಹುಲ್ಲು ಹೊತ್ತಿಸಿದ. ದೊರೆಸಾನಿ ಹಿಂದೆಯೇ ನಡೆದಾಗ, ತಮಟೆ ಸುಡಿಸುತ್ತಾರೆಂದು ನಾನು ಜೋರಾಗಿ ಅತ್ತೆ. ಅವರು ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಕಾದರು. ಆಮೇಲೆ ಒಳಗೆ ಬಂದು, ಅದೇ ಹಾಡನ್ನು ಅಪ್ಪನ ತಮಟೆಯ ತಾಳಕ್ಕೆ ಹೊಂದಿಸಿ ಹಾರ್ಮೋನಿಯಂನಲ್ಲಿ ನುಡಿಸಿದರು.

ಈಗ ತಮಟೆಗೆ ಹಾರ್ಮೋನಿಯಂ ಪಕ್ಕವೇ ಜಾಗ. ಆದರೂ ಒಳಗೆ ಹೋಗುವ ಮುನ್ನ ನಾನು ಚಪ್ಪಲಿಗಳ ಕಡೆ ಒಮ್ಮೆ ನೋಡುತ್ತೇನೆ.