ಮನೆಗೊಂದಾಳು ಲೆಕ್ಕದ ಟ್ರೈನಿಂಗ್

ನಮ್ಮ ಬೀದಿಯ ಅನಸೂಯಮ್ಮನ ಕಥೆ ಹೇಳಬೇಕಾದರೆ ಮೊದಲು ಆಕೆಯ ಗಂಡನ ಇಸ್ತ್ರಿ ಷರಟಿನ ಬಗ್ಗೆ ಹೇಳಬೇಕು. ತೊಂಬತ್ತಾರನೇ ಇಸವಿಯ ಹೊತ್ತಿಗೆ, ಅಂಬಾಜಿದುರ್ಗದ ಕೆಳಗಿನ ನಮ್ಮ ಹಳ್ಳಿಯಲ್ಲಿ ದಿನಾ ಇಸ್ತ್ರಿ ಷರಟು ಹಾಕಿಕೊಂಡು ಎಲ್ಲಿಗೂ ಹೋಗದೆ ಕೂರುತ್ತಿದ್ದವನು ಚಲಪತಿ ಒಬ್ಬನೇ. ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದ. ಅದನ್ನು ಅರಳಿಕಟ್ಟೆಯ ಮೇಲೆ ಮಲಗುವ ನಾಯಿಗೂ ಹೇಳಿ ಮುಗಿಸಿದ್ದ.

ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹಿಂದೆ ಬಯ್ಯಪ್ಪ ಅನ್ನುವವರ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಆರು ತಿಂಗಳು ಸಂಬಳವಿಲ್ಲದೆ ಕೆಲಸ ಕಲಿತರೆ ಯಾವುದಾದರೂ ಕಂಪನಿಗೆ ತಾವೇ ಸೇರಿಸುವುದಾಗಿ ಅವರು ಮಾತು ಕೊಟ್ಟಿದ್ದರು. ಚಲಪತಿ ಬೆಳಗ್ಗೆ ಹೋದ. ಬಯ್ಯಪ್ಪ ಕೈಗೊಂದು ಬ್ರಷ್ ಕೊಟ್ಟು, ಬಿಚ್ಚಿಟ್ಟ ಕಂಪ್ಯೂಟರಿನ ಧೂಳು ತೆಗೆಯಲು ಹೇಳಿದರು. ಮಧ್ಯಾಹ್ನದ ಬಸ್ಸಿಗೆ ಸಾಹೇಬರು ವಾಪಸ್. ತಾನು ಓದಿದ್ದು ಧೂಳು ಹೊಡೆಯುವುದಕ್ಕಲ್ಲವಂತೆ. ಅಯ್ಯೋ, ಧೂಳು ಕಂಡರೆ ಮೈ ಚುಚ್ಚುವ ವಂಶ ನೋಡಿ, ತಾತನ ಕಾಲದಿಂದ ಮಣ್ಣಿನಲ್ಲೇ ಅನ್ನ ತಿಂದಿದ್ದಾರೆ.

ಅವನ ಅಪ್ಪ ನರಸಿಂಹಪ್ಪನಿಗೆ ಮಗನ ಮರ್ಯಾದೆಯೂ ಉಳಿಯಬೇಕು, ಅಂಗಡಿಯಲ್ಲಿ ಕಲಿಯುವ ಜಾಗವೂ ಕೈತಪ್ಪಬಾರದು. ಆಗ ಅವರಿಗೆ ಕೆರೆ ನೆನಪಾಯಿತು. ನಮ್ಮೂರ ಕೆರೆಯ ಹೂಳು ತೆಗೆಯಲು ಮನೆಗೊಂದಾಳು ಹೋಗಬೇಕು. ಯಾರು ಹೋದರೂ ಮನೆಯ ಲೆಕ್ಕ ಚುಕ್ತಾ. ಹಿಂದಿನ ಸಲ ಚಲಪತಿಗೆ ಹೊಟ್ಟೆನೋವು ಬಂದು, ಅವನ ಬದಲು ತಾಯಿ ಆದಿಲಕ್ಷ್ಮಮ್ಮ ಹೂಳಿನ ಮಂಕರಿ ಹೊತ್ತಿದ್ದರು. ಟ್ರೈನಿಂಗಿಗೂ ಅದೇ ಲೆಕ್ಕ ಹಾಕಿದರು ಮಹಾನುಭಾವರು. ಪಿಯುಸಿ ಓದಿದ್ದ ಸೊಸೆಯನ್ನು ಕರೆದುಕೊಂಡು ಹೋಗಿ ಬಯ್ಯಪ್ಪನ ಮುಂದೆ ನಿಲ್ಲಿಸಿದರು. ಆರು ತಿಂಗಳು ಈಕೆ ಬರುತ್ತಾಳೆ, ಕಲಿತದ್ದನ್ನು ಸಂಜೆ ಮಗನಿಗೆ ಹೇಳುತ್ತಾಳೆ, ಕೆಲಸ ಮಾತ್ರ ಮಗನಿಗೆ ಕೊಡಿಸಿ ಅಂದರು. ಬಯ್ಯಪ್ಪ ಮೇಲೆ ಕೆಳಗೆ ನೋಡಿ, ಆಕೆಯ ಕೈಗೆ ಅದೇ ಬ್ರಷ್ ಕೊಟ್ಟರು.

ಅನಸೂಯಮ್ಮನೇನು ಸಾಧು ಹೆಂಗಸಲ್ಲ. ಮೊದಲ ವಾರವೇ ಒಂದು ಸಹಕಾರ ಸಂಘದವರು ಕಂಪ್ಯೂಟರ್ ಸತ್ತುಹೋಗಿದೆ ಎಂದು ಹೇಳಿಕಳಿಸಿದ್ದರು. ಹೋಗಿ ನೋಡಿದರೆ ದೇವರ ಫೋಟೋಗೆ ಸೀರಿಯಲ್ ಲೈಟ್ ಹಾಕಲು ಪ್ಲಗ್ ಕಿತ್ತಿದ್ದಾರೆ. ಈಕೆ ಕಾರ್ಯದರ್ಶಿಯ ಎದುರಿಗೇ ನಕ್ಕುಬಿಟ್ಟಳು. ಆ ಮನುಷ್ಯ ಎಷ್ಟೋ ದಿನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಬಯ್ಯಪ್ಪನ ಹತ್ತಿರ ಬೈಸಿಕೊಂಡ ಮೇಲೆ ಬಾಯಿ ಬಿಗಿಹಿಡಿದು ಪ್ಲಗ್ ಹಾಕುವುದನ್ನು ಕಲಿತಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದನ್ನು ಕಲಿತಳು. ಪ್ರಿಂಟರ್ ಬಿಚ್ಚಿ, ಜೋಡಿಸಿ, ಒಂದು ಸ್ಕ್ರೂ ಉಳಿದರೆ ಅತ್ತು, ಮತ್ತೆ ಬಿಚ್ಚಿದಳು. ಯಾವ ಡಿಪ್ಲೊಮಾದಲ್ಲಿ ಇದನ್ನು ಹೇಳಿಕೊಡುತ್ತಾರೆ?

ಸಂಜೆ ಗಂಡನಿಗೆ ಹೇಳಲು ಕೂತರೆ ಅವನು ಆಕಳಿಸುತ್ತಿದ್ದ. ಅದೆಲ್ಲ ಅವನಿಗೆ ಮೊದಲೇ ಗೊತ್ತಂತೆ. ಕಟ್ಟೆಯ ಮೇಲೆ ಮಾತ್ರ ತಾನು ಚಿಂತಾಮಣಿಯಲ್ಲಿ ಟ್ರೈನಿಂಗಿನಲ್ಲಿದ್ದೇನೆ ಎಂದು ಹೇಳಿಕೊಂಡು ಇಸ್ಪೀಟು ಕಲೆಸುತ್ತಿದ್ದ. ಒಂದು ದಿನ ನಲ್ಲಿಯ ಹತ್ತಿರ ಅನಸೂಯಮ್ಮ ನನ್ನ ಕೈ ಹಿಡಿದುಕೊಂಡಳು.

"ಆ ಕೆಲಸ ನಂಗೇ ಬೇಕು ಕಣಕ್ಕ. ಇವರಿಗೆ ಬಿಟ್ಟುಕೊಟ್ರೆ ಹೊಟ್ಟೆ ಉರಿದು ಸಾಯ್ತೀನಿ."

ಆರು ತಿಂಗಳಾಯಿತು. ಚಿಕ್ಕಬಳ್ಳಾಪುರದ ಒಂದು ಕಂಪನಿಯವರು ಕಂಪ್ಯೂಟರ್ ನೋಡಿಕೊಳ್ಳಲು ಒಬ್ಬರನ್ನು ಕಳಿಸಿ ಎಂದು ಬಯ್ಯಪ್ಪನನ್ನು ಕೇಳಿದರು. ಸುದ್ದಿ ಬಂದದ್ದೇ ತಡ, ನರಸಿಂಹಪ್ಪ ಗಂಜಿ ಹಾಕಿದ ಪಂಚೆ ಉಟ್ಟು, ಮಗನಿಗೆ ಕಟಿಂಗ್ ಮಾಡಿಸಿ ಕರೆದುಕೊಂಡು ಹೋದರು. ನಮ್ಮ ಮನೆಯ ಆರು ತಿಂಗಳು ಮುಗಿಯಿತು, ಇನ್ನು ಹುಡುಗನನ್ನು ಸೇರಿಸಿ ಅಂದರು. ಒಂದಿಷ್ಟೂ ನಾಚಿಕೆಯಿಲ್ಲ.

ಬಯ್ಯಪ್ಪ ತಲೆ ಎತ್ತಲಿಲ್ಲವಂತೆ. "ಮನೆ ಕಲೀಲಿಲ್ಲ ಯಜಮಾನ್ರೇ, ಈ ಹೆಣ್ಣುಮಗಳು ಕಲ್ತಳು. ಅವಳನ್ನೇ ಕಳಿಸ್ತೀನಿ" ಅಂದರಂತೆ.

ಮನೆಯಲ್ಲಿ ರಂಪವೋ ರಂಪ. ಯಾವ ಮನೆಯ ಮುದ್ದೆ ತಿಂದು ಕಲಿತಳು ಎಂದು ಮಾವ ಕೂಗಾಡಿದರು. ಗಂಡ ಊಟ ಬಿಟ್ಟು, ಹೋಟೆಲಿನಲ್ಲಿ ದೋಸೆ ತಿಂದು ಬಂದ. ಸೋಮವಾರ ಆಕೆ ಕೆಲಸಕ್ಕೆ ಸೇರಬೇಕು. ಅದೇ ಬೆಳಗ್ಗೆ ಮನೆಯಲ್ಲಿ ಸಾಕಿದ್ದ ರೇಷ್ಮೆ ಹುಳ ಹಣ್ಣಾಗಿ ಕೂತವು. ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವವರೆಗೆ ಮನೆಯವರು ಯಾರೂ ಕದಲುವಂತಿಲ್ಲ. ನರಸಿಂಹಪ್ಪನಿಗೆ ಹೋದ ಜೀವ ಬಂದಂತಾಯಿತು. ಸೊಸೆ ಇವತ್ತು ಹೊಸಲು ದಾಟುವಂತಿಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಇವತ್ತು ಹೋಗದಿದ್ದರೆ ಆ ಕೆಲಸ ಬೇರೆಯವರ ಪಾಲು. ನಾನು ನಮ್ಮ ಜಗಲಿಯ ಮೇಲೇ ನಿಂತಿದ್ದೆ.

ಅನಸೂಯಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಮನೆಗೊಂದಾಳು ತಾನೆ ಮಾವ? ನನ್ನ ಬದಲು ನಿಮ್ಮ ಮಗ ಹುಳ ಆರಿಸ್ತಾರೆ."

ಚಲಪತಿ ತನ್ನ ಇಸ್ತ್ರಿ ಷರಟನ್ನು ನೋಡಿಕೊಂಡು, ಎಂದಿನಂತೆ ತಾಯಿಯ ಮುಖ ನೋಡಿದ. ಆದಿಲಕ್ಷ್ಮಮ್ಮ ಹುಳದ ತಟ್ಟೆಯನ್ನು ತಂದು ಮಗನ ತೊಡೆಯ ಮೇಲಿಟ್ಟರು. ಆಮೇಲೆ ಗೋಡೆಗೊರಗಿ ಕಾಲು ಚಾಚಿ ಕೂತರು.

"ನಂಗೆ ಇವತ್ತು ಹೊಟ್ಟೆನೋವು ಕಣಪ್ಪ" ಅಂದರು.