ಯಾಕೂಬಸಾಬನ ಮುತ್ತವ್ವ

ಯಾಕೂಬಕಾಕಾ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಎದುರಿಗೆ ಬಂದವರ ಮಣಿಕಟ್ಟು ನೋಡುತ್ತಿದ್ದ. ನೋಡಿದ ಕೂಡಲೇ ‘ಎರಡೂಕಾಲ’ ಎಂದೋ ‘ಎರಡೂವರಿ’ ಎಂದೋ ಅಳತೆ ಅವನ ಬಾಯಿಗೆ ಬಂದುಬಿಡುತ್ತಿತ್ತು. ಹುನಗುಂದದವನು. ಸೈಕಲ್ಲಿನ ಹಿಂದೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ರಾಮಥಾಳ, ಅಮೀನಗಡ, ಐಹೊಳೆಯ ದಾರಿಯಲ್ಲಿರುವ ನಮ್ಮೂರು ಎಂದು ಮೂವತ್ತು ವರ್ಷ ತಿರುಗಿದವನು. ಅಳತೆ ತಪ್ಪಿದ ಬಳೆಯನ್ನು ಯಾರ ಕೈಗೂ ತುರುಕಿದವನಲ್ಲ. ನಮ್ಮವ್ವ ಒಮ್ಮೆ ಬಣ್ಣ ಚಂದ ಎಂದು ಸಣ್ಣ ಅಳತೆಯ ಹಸಿರು ಬಳೆಗೆ ಹಟ ಹಿಡಿದಾಗ ಪೆಟ್ಟಿಗೆ ಮುಚ್ಚಿ ಎದ್ದೇಬಿಟ್ಟಿದ್ದ. ಅಂಥ ಮನುಷ್ಯ ತನ್ನ ಆಯುಷ್ಯದಲ್ಲಿ ಮಾಡಿದ ಒಂದು ದೊಡ್ಡ ತಪ್ಪಿನ ಬಗ್ಗೆ ನಾನೀಗ ಹೇಳಬೇಕು. ಆ ತಪ್ಪಿನಿಂದಲೇ ನಾನು ಟೀಚರಾದೆ. ಆದ್ದರಿಂದ ಅದನ್ನು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

೧೯೯೮ರಲ್ಲಿ ಕಾಕಾನ ಹೆಂಡತಿಯ ತಮ್ಮ ದುಬೈಯಿಂದ ಬರುವಾಗ ಒಂದು ವಿಸಿಆರ್ ತಂದುಕೊಟ್ಟ. ಜೊತೆಗೆ ಒಂದೇ ಒಂದು ಕ್ಯಾಸೆಟ್ಟು. ಅದರಲ್ಲಿದ್ದದ್ದು ಇಂಗ್ಲಿಷ್ ಕಾರ್ಟೂನ್ ಸಿನಿಮಾ, ಒಂಟೆಗಳ ಕತೆ. ಕಾಕಾನಿಗೆ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಆದರೆ ಮನೆಗೆ ಬಂದ ಹೊಸ ವಸ್ತುವನ್ನು ನಾಲ್ಕು ಜನರಿಗೆ ತೋರಿಸದೆ ಇರುವ ಜಾತಿಯೂ ಅವನಲ್ಲ. ಒಂದು ಶನಿವಾರ ಬೆಳಿಗ್ಗೆ ಸೈಕಲ್ಲಿನ ಮೇಲೆ ಬಳೆಯ ಪೆಟ್ಟಿಗೆಯ ಬದಲು ವಿಸಿಆರ್ ಕಟ್ಟಿಕೊಂಡು ನಮ್ಮ ಸಾಲೆಗೆ ಬಂದ. ಗೌಡರ ಮನೆಯಿಂದ ಟಿವಿ ಬಂತು. ಕಿಟಕಿಗಳಿಗೆ ಕಂಬಳಿ ಬಿದ್ದವು. ನಾನಾಗ ಐದನೇ ಇಯತ್ತೆ.

ಹತ್ತು ನಿಮಿಷದೊಳಗೆ ಎಲ್ಲ ಕೆಟ್ಟುಹೋಯಿತು. ಟಿವಿಯಲ್ಲಿ ಒಂಟೆಗಳು ಟುಸ್ ಪುಸ್ ಎನ್ನುತ್ತಿದ್ದವು, ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಹುಡುಗರು ಒಬ್ಬರನ್ನೊಬ್ಬರು ಚಿವುಟತೊಡಗಿದರು. ದೊಡ್ಡ ಗುರುಗಳು ಚಹಾ ಕುಡಿಯಲು ಎದ್ದುಹೋದರು. ಕಾಕಾನ ಮುಖ ಸಣ್ಣದಾಯಿತು. ಆಮೇಲೆ ಗುರುಗಳ ಬೆತ್ತ ತೆಗೆದುಕೊಂಡು ಟಿವಿಯ ಪಕ್ಕ ಹೋಗಿ, ದನಿಯ ಗುಂಡಿಯನ್ನು ಪೂರ್ತಿ ತಿರುವಿ ಮೂಕಾಗಿಸಿ, ತಾನೇ ಹೇಳತೊಡಗಿದ.

ಪರದೆಯ ಮೇಲೆ ಒಂದು ಒಂಟೆಮರಿ ನಿಂತಿತ್ತು. ಉದ್ದ ರೆಪ್ಪೆ, ಮುಂಗಾಲಿನಲ್ಲಿ ಬಂಗಾರದ ಬಣ್ಣದ ಕಡಗ.

“ಈಕಿ ಮುತ್ತವ್ವ,” ಅಂದ ಕಾಕಾ. ಹಿಂದಿನ ದಿನ ರಾಮಥಾಳದ ಮುತ್ತವ್ವಜ್ಜಿ ಡಜನ್ ಬಳೆಗೆ ಒಂದು ತಾಸು ಚೌಕಾಸಿ ಮಾಡಿ ಅವನ ಜೀವ ಹಿಂಡಿದ್ದಳಂತೆ. ಹಾಗಾಗಿ ಬಾಯಲ್ಲಿ ಅದೇ ಹೆಸರಿತ್ತು.

ನನ್ನ ಜೊತೆಯವನು ಸುನೀಲಕುಮಾರ ಎದ್ದು ನಿಂತ. “ಕಾಕಾ, ಅದು ಗಂಡ ಇರಬೇಕ್ರಿ. ಹೀರೋ ಐತಿ.”

“ಕಾಲಾಗ ಬಳಿ ಕಾಣವಲ್ದೇನಲೇ? ಇಪ್ಪತ್ತ ವರ್ಷ ಬಳಿ ಇಡಿಸೀನಿ. ಬಳಿ ಇಟ್ಕೊಂಡಿದ್ದು ಗಂಡಂತ, ಕುಂಡ್ರು!”

ಸುನೀಲಕುಮಾರ ಕುಳಿತ. ಒಂಟೆಮರಿ ಹೆಣ್ಣಾಯಿತು.

ಆಮೇಲೆ ಕತೆ ಓಡಿತು ನೋಡಿ! ಮಳೆಯಿಲ್ಲದ ಮರಳುನಾಡು. ಇದ್ದ ಬಾವಿ ಬತ್ತಿದೆ. ಬಿರುಗಾಳಿಯಲ್ಲಿ ದಾರಿ ತಪ್ಪಿದ ಹಿಂಡು ಇನ್ನೊಂದು ಬಾವಿ ಹುಡುಕಬೇಕು. ಮರಿಯ ತಾಯಿಗೆ ಕಾಲು ನೋವು, ಎಲ್ಲರೂ ಅವಳನ್ನು ಬಿಟ್ಟು ಹಿಂದಕ್ಕೆ ಹೋಗೋಣ ಎನ್ನುತ್ತಾರೆ. ಮುತ್ತವ್ವ ಮಾತ್ರ, ಬಾವಿ ಇರುವುದು ಗಾಳಿ ಬರುವ ಕಡೆಗೇ ಎನ್ನುತ್ತಾಳೆ. ಹಿಂಡಿನ ಮುದಿ ಗಂಡೊಂಟೆ ಕಾಕಾನ ಬಾಯಲ್ಲಿ ನಮ್ಮೂರ ಗೌಡನ ಹಾಗೇ ಕೆಮ್ಮಿ ಹೇಳಿತು: “ಹೆಣ್ಣಹುಡುಗಿ ಮಾತ ಕೇಳಿ ಹೋಗೂದೇನ್ರಲೇ?” ಅದಕ್ಕೆ ಮುತ್ತವ್ವ, “ಮಾತ ಕೇಳಬ್ಯಾಡ್ರಿ ಯಜಮಾನ್ರ, ಹೆಜ್ಜಿ ನೋಡ್ರಿ” ಎಂದು ಗಾಳಿಗೆ ಎದುರಾಗಿ ನಡೆದೇಬಿಟ್ಟಳು. ಕೊನೆಗೆ ಬಾವಿ ಸಿಕ್ಕಿತು. ಇಡೀ ಹಿಂಡು ಅವಳ ಹಿಂದೆ ಸಾಲಾಗಿ ನಿಂತಿತು. ಚಹಾ ಮುಗಿಸಿ ಬಂದ ದೊಡ್ಡ ಗುರುಗಳು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ನಾನು ಅಳುತ್ತಿದ್ದೆ. ಯಾಕೆಂದು ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ.

ಎರಡು ವರ್ಷದಲ್ಲಿ ಆ ಸಿನಿಮಾವನ್ನು ಎಂಟು ಸಲ ನೋಡಿದೆ. ಕಾಕಾ ಪ್ರತಿ ಸಲ ಸ್ವಲ್ಪ ಸ್ವಲ್ಪ ಬೆಳೆಸುತ್ತಿದ್ದ. ಒಮ್ಮೆ ಮುತ್ತವ್ವನ ಬುತ್ತಿಯಲ್ಲಿ ಕಟಕರೊಟ್ಟಿ ಬಂತು, ಇನ್ನೊಮ್ಮೆ ಅಮೀನಗಡದ ಕರದಂಟು. ಹುನಗುಂದ ತಾಲೂಕಿನ ಎಷ್ಟೋ ಸಾಲೆಗಳಲ್ಲಿ ಮುತ್ತವ್ವ ಗೊತ್ತಿದ್ದಳು. ರಾಮಥಾಳದ ಮುತ್ತವ್ವಜ್ಜಿ ಮಾತ್ರ, ‘ನನ್ನ ಒಂಟಿ ಮಾಡ್ಯಾನ ಆ ಬಾಡ್ಯಾ’ ಎಂದು ಬೈಯುತ್ತಲೇ, ಬಂದವರಿಗೆಲ್ಲ ಆ ಸುದ್ದಿಯನ್ನು ತಾನೇ ಹೇಳಿಕೊಂಡು ನಗುತ್ತಿದ್ದಳು.

ನಾನು ಏಳನೇ ಇಯತ್ತೆ ಮುಗಿಸಿದಾಗ ಹೈಸ್ಕೂಲಿನ ಮಾತು ಬಂತು. ಹೈಸ್ಕೂಲು ಅಮೀನಗಡದಲ್ಲಿ, ಐದು ಕಿಲೋಮೀಟರು ನಡೆಯಬೇಕು. ನಮ್ಮೂರಿನಿಂದ ಅಲ್ಲಿಯವರೆಗೆ ಒಬ್ಬ ಹುಡುಗಿಯೂ ಹೋಗಿರಲಿಲ್ಲ. ಪಾಸಾದ ನಾಲ್ವರು ಹುಡುಗಿಯರ ಮನೆಗಳಲ್ಲೂ ಒಂದೇ ಮಾತು: ‘ಉಳದಾವ್ರು ಹೋದ್ರ ನಮ್ಮಕೀನೂ ಕಳಸ್ತೇವಿ.’ ಮೊದಲು ಹೋಗುವವರು ಯಾರು ಎಂಬಲ್ಲಿಗೆ ಎಲ್ಲರೂ ಬಾಯಿ ಮುಚ್ಚುತ್ತಿದ್ದರು. ನಮ್ಮಪ್ಪ ಅಮಾತೆಪ್ಪ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಹೋಗಿ ಎದುರಿಗೆ ನಿಂತು, “ಅಪ್ಪಾ, ನಾ ಮುಂದ ನಡೀತೇನಿ” ಅಂದೆ.

ಅಪ್ಪ ಎಲೆ ಅಡಿಕೆಯ ಚೀಲ ಪಕ್ಕಕ್ಕಿಟ್ಟ. ಒಂಟೆಯ ಕತೆಯನ್ನು ಅವನಿಗೆ ಊಟಕ್ಕೆ ಕೂತಾಗೆಲ್ಲ ಹೇಳಿ ತಲೆ ತಿಂದಿದ್ದೆ.

“ಆ ಬಳಿಗಾರನ ಒಂಟಿ ಮನಿಯೊಳಗ ಹೊಕ್ಕೈತಿ,” ಎಂದು ನಕ್ಕ. “ಹೋಗು.”

ಹೈಸ್ಕೂಲು ಮುಗಿಯಿತು, ಪಿಯುಸಿ ಮುಗಿಯಿತು, ಬಾಗಲಕೋಟೆಯಲ್ಲಿ ಡಿಎಡ್ ಆಯಿತು. ೨೦೦೯ರ ಆರಂಭದಲ್ಲಿ ಐಹೊಳೆಯಿಂದಾಚೆಯ ಒಂದು ಸಣ್ಣ ಊರಿನ ಸಾಲೆಗೆ ನನ್ನನ್ನು ಹಾಕಿದರು. ಅಲ್ಲಿಯೂ ಏಳರವರೆಗೇ ಇತ್ತು, ಅಲ್ಲಿಯೂ ಹುಡುಗಿಯರು ಏಳಕ್ಕೇ ನಿಲ್ಲುತ್ತಿದ್ದರು. ಆ ವರ್ಷ ಏಳರಲ್ಲಿದ್ದ ನಾಲ್ಕು ಹುಡುಗಿಯರ ಪೈಕಿ ಮಹಾನಂದಾ ಬಲು ಚುರುಕು, ಆದರೆ ಉತ್ತರವನ್ನು ತನ್ನ ಎದೆಗೇ ಹೇಳಿಕೊಳ್ಳುವ ಹುಡುಗಿ. ಅವಳಪ್ಪ ಪಾಂಡಪ್ಪನನ್ನು ಮೂರು ಸಲ ಕಂಡೆ. “ಸರ್ಕಾರ ಸೈಕಲ್ ಕೊಡತೈತಿ ಖರೆ ಅಕ್ಕೋರ, ಮುಂದ ಹೊಡಿಯಾಕಿ ಯಾರು?” ಎಂದು ಆತ ಕೈಚೆಲ್ಲಿದ. ನನಗೆ ಥಟ್ಟನೆ ಮುತ್ತವ್ವ ನೆನಪಾದಳು. ಯಾಕೂಬಕಾಕಾನನ್ನು ಕರೆಸಬೇಕು ಎಂದುಕೊಂಡೆ.

ಅಷ್ಟರಲ್ಲಿ ಆ ಸಿನಿಮಾ ಹೊಸದಾಗಿ ಬಂತು. ಈ ಸಲ ಚಿತ್ರ ಬರೆದ ಒಂಟೆಗಳಲ್ಲ, ಕಂಪ್ಯೂಟರಿನಲ್ಲಿ ಮಾಡಿದ, ಮೈಮೇಲಿನ ಕೂದಲು ಕೂದಲೂ ಕಾಣುವ ಒಂಟೆಗಳು. ಡಬ್ಬಿಂಗಿಗೆ ಬಿಡದ ಆ ಕಾಲದಲ್ಲಿ, ಮಕ್ಕಳ ಸಿನಿಮಾ ಎಂದೋ ಏನೋ, ಅದೂ ಕನ್ನಡ ಮಾತಿನಲ್ಲಿ. ಕಾಕಾ ಮೊಮ್ಮಗಳನ್ನು ಕರೆದುಕೊಂಡು ಬಾಗಲಕೋಟೆಯ ಟಾಕೀಸಿಗೆ ಹೋದ. ಹತ್ತು ವರ್ಷ ತಾನು ಹೇಳಿದ ಕತೆ ಏನೆಂದು ಮೊದಲ ಸಲ ಅವನಿಗೆ ತಿಳಿಯಿತು.

ನಾನೂ ಸಿಡಿ ತಂದು ನೋಡಿದೆ. ಒಂಟೆಮರಿ ಗಂಡು. ಬೆಂಗಳೂರಿನ ನುಣುಪು ಕನ್ನಡದಲ್ಲಿ ‘ಮಗನೇ, ನೀನೇ ನಮ್ಮ ಯುವರಾಜ’ ಎನ್ನುತ್ತದೆ ತಾಯಿ. ಕಾಲಿನ ಕಡಗ ನಾಯಕನ ಮನೆತನದ ಮೊದಲ ಗಂಡುಮರಿಗೆ ಮಾತ್ರ ತೊಡಿಸುವ ಗುರುತಂತೆ. ಹೆಣ್ಣು ಒಂಟೆಗಳು ಹಿಂದೆ ನಿಂತು ಕಣ್ಣೀರು ಹಾಕುವುದಕ್ಕಿದ್ದವು. ನನಗೆ ಸಿಟ್ಟು ಬಂತು. ಸಿಡಿಯ ಮೇಲೆ, ಕಂಪನಿಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಕಾಕಾನ ಮೇಲೆ. ಐದು ಕಿಲೋಮೀಟರು ನಾನು ಯಾರ ಹಿಂದೆ ನಡೆದೆ ಹಾಗಾದರೆ?

ಮರುದಿನ ಹುನಗುಂದಕ್ಕೆ ಹೋದರೆ ಕಾಕಾ ಅಂಗಳದಲ್ಲಿ ಬಳೆ ಒರೆಸುತ್ತಾ ಕುಳಿತಿದ್ದ. ನನ್ನ ಮಣಿಕಟ್ಟು ನೋಡಲಿಲ್ಲ. ಅದನ್ನು ಕಂಡೇ ನನ್ನ ಸಿಟ್ಟು ಅರ್ಧ ಇಳಿಯಿತು. ಸಂತೆಯಲ್ಲಿ ಹುಡುಗರು ‘ಯಾಕೂಬಜ್ಜಾ, ನಿನ್ನ ಮುತ್ತವ್ವಗ ಮೀಸಿ ಬಂದಾವಂತಲ್ಲೋ’ ಎಂದು ಕಾಡುತ್ತಾರೆ, ಅದಕ್ಕೇ ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದಾನೆ ಎಂದು ಅವನ ಹೆಂಡತಿ ಹೇಳಿದಳು.

“ನಮ್ಮ ಸಾಲಿಗೆ ಬರ್ರಿ ಕಾಕಾ. ಹಳೀ ಕ್ಯಾಸೆಟ್ ಹಚ್ಚರಿ.”

“ಇಲ್ಲ ದಾನವ್ವ. ಹತ್ತ ವರ್ಷ ಹೆಣ್ಣಮಕ್ಕಳ ಮುಂದ ಸುಳ್ಳ ಹೇಳೀನಿ. ಬಳಿ ಅಂದೆ, ಅದು ಬಳಿ ಅಲ್ಲ. ಮೂವತ್ತ ವರ್ಷದ ಕಸಬು ಇಷ್ಟ ಆತು.”

“ನೀವು ಹೇಳದಿದ್ರ ಅಲ್ಲಿ ಯಾರಿಗೂ ಗೊತ್ತಾಗಂಗಿಲ್ರಿ.” ಮಹಾನಂದಾಳ ವಿಷಯ ಹೇಳಿದೆ. ಜೂನಿನಲ್ಲಿ ಅವಳು ಹೈಸ್ಕೂಲಿಗೆ ಹೋಗದಿದ್ದರೆ ಉಳಿದ ಮೂವರೂ ನಿಲ್ಲುತ್ತಾರೆ, ಅವಳಿಗೆ ಮುತ್ತವ್ವ ಬೇಕು ಎಂದೆ.

ಕಾಕಾ ಬಳೆಯನ್ನು ಕೆಳಗಿಟ್ಟ. “ಅಳತಿ ತಪ್ಪಿದ್ದು ಗೊತ್ತಿದ್ದೂ ಕೈಗೆ ಏರಸು ಅಂತೀಯಲ್ಲ. ಬರತೇನಿ. ಆದ್ರ ಎರಡೂ ತೋರಸ್ತೇನಿ, ಖರೆ ಹೇಳ್ತೇನಿ.”

ಎಷ್ಟು ಬೇಡಿಕೊಂಡರೂ ಬಗ್ಗಲಿಲ್ಲ. ಕರೆದು ತಪ್ಪು ಮಾಡಿದೆನೋ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮಾರ್ಚಿನ ಒಂದು ಶನಿವಾರ ಕಿಟಕಿಗಳಿಗೆ ಮತ್ತೆ ಕಂಬಳಿ ಬಿದ್ದವು. ಮೊದಲು ಹೊಸ ಸಿನಿಮಾ. ಮಕ್ಕಳು ಗಪ್‌ಚಿಪ್ ಕುಳಿತು ನೋಡಿದರು, ಎಲ್ಲ ತಿಳಿಯಿತಲ್ಲ. ಮುಗಿದ ಮೇಲೆ ಕಾಕಾ ಎದ್ದ. ಕೈಯಲ್ಲಿ ಬೆತ್ತ ಹಿಡಿಯಲಿಲ್ಲ, ಕೈಕಟ್ಟಿ ನಿಂತ.

“ಮಕ್ಕಳ್ರಾ, ಈ ಸಿನಿಮಾದ ಹಳೇದೊಂದ ಐತಿ. ಅದರಾಗ ಈ ಮರಿ ಹೆಣ್ಣ ಅಂತ ನಾ ಹತ್ತ ವರ್ಷ ಹೇಳಕೋತ ಬಂದೆ. ನಿಮ್ಮ ಅಕ್ಕೋರಿಗೂ ಹೇಳೀನಿ. ನನಗ ಇಂಗ್ಲಿಷ್ ಬರಂಗಿಲ್ಲ, ಕಾಲಾಗಿನ ಕಡಗಾನ ಬಳಿ ಅನ್ಕೊಂಡೆ. ತಪ್ಪಾತು.”

ಅರವತ್ತರ ಮುದುಕ ಮಕ್ಕಳ ಮುಂದೆ ಹಾಗೆ ನಿಂತದ್ದನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ. ಆಗ ಹಿಂದಿನಿಂದ ಒಂದು ಸಣ್ಣ ದನಿ ಬಂತು.

“ಅಜ್ಜಾ, ಹಳೇದ್ರಾಗೂ ಬಾವಿ ಸಿಗತೈತೇನ್ರಿ?”

ಮಹಾನಂದಾ! ಎದ್ದು ನಿಂತಿದ್ದಳು.

“ಸಿಗತೈತವಾ.”

“ಹಂಗಾರ ಅದನ್ನೂ ಹಚ್ಚರಿ.”

ಕಾಕಾ ನನ್ನ ಮುಖ ನೋಡಿದ, ಆಮೇಲೆ ವಿಸಿಆರಿಗೆ ಕ್ಯಾಸೆಟ್ಟು ತುರುಕಿ, ರೂಢಿಯಂತೆ ದನಿ ಮುಚ್ಚಿದ. ಒಂಟೆಮರಿ ಬಂತು. ಉದ್ದ ರೆಪ್ಪೆ, ಮುಂಗಾಲಿನಲ್ಲಿ ಕಡಗ. “ಇದು...” ಅಂದ ಕಾಕಾ. ಗಂಡು ಎನ್ನಲು ಬಾಯಿ ಬಾರದು, ಹೆಣ್ಣು ಎನ್ನಲು ಧೈರ್ಯವಿಲ್ಲ. ಮಾತಿನಲ್ಲೇ ಬಳೆ ಮಾರಿ ಬದುಕಿದವನು ಬಾಯಿ ತೆರೆದು ಹಾಗೇ ನಿಂತುಬಿಟ್ಟ. ಪರದೆಯ ಮೇಲೆ ಬಿರುಗಾಳಿ ಏಳತೊಡಗಿತು.

“ಅದು ನಾನ ರೀ ಅಜ್ಜಾ,” ಅಂದಳು ಮಹಾನಂದಾ.

ಮಕ್ಕಳು ಗೊಳ್ಳೆಂದು ನಕ್ಕರು. ಅವಳು ಕೂರಲಿಲ್ಲ. ಕಾಕಾ ನಗಲಿಲ್ಲ. ಅವಳ ಮಣಿಕಟ್ಟನ್ನು ನೋಡಿದ. ಅಲ್ಲಿಯವರೆಗೆ ಮುಟ್ಟದೆ ಬಿಟ್ಟಿದ್ದ ಬೆತ್ತವನ್ನು ಮೇಜಿನ ಮೇಲಿಂದ ಎತ್ತಿ ಅವಳ ಕಡೆ ಚಾಚಿದ.

“ಹಂಗಾರ ನೀನ ಹೇಳ ಬಾ ತಂಗಿ. ನಿನ್ನ ಕತಿ ನನಗೇನ ಗೊತ್ತು?”

ಅವಳು ಬಂದಳು. ಮೊದಮೊದಲು ದನಿ ಎದೆಯೊಳಗೇ ಇತ್ತು. ಗಾಳಿಯಲ್ಲಿ ತಾಯಿ ಬಿದ್ದಾಗ ಸ್ವಲ್ಪ ಹೊರಗೆ ಬಂತು. ಮುದಿ ಒಂಟೆ ತಡೆದಾಗ, ನಾನು ಹೇಳಿಕೊಟ್ಟಿರದ, ಕಾಕಾನೂ ಎಂದೂ ಹೇಳಿರದ ಮಾತೊಂದನ್ನು ಹೇಳಿದಳು: “ಯಪ್ಪಾ, ನೀ ಹಿಂದ ಬಾ, ಬ್ಯಾಡ ಅನ್ನಬ್ಯಾಡ.” ಮಕ್ಕಳ ನಗೆ ಯಾವಾಗ ನಿಂತಿತ್ತೋ ತಿಳಿಯದು. ಬಾಗಿಲಲ್ಲಿ ಪಾಂಡಪ್ಪ ನಿಂತಿದ್ದ, ಮಗಳನ್ನು ಕರೆದುಕೊಂಡು ಹೋಗಲು ಬಂದವನು. ಒಳಗೆ ಬರಲಿಲ್ಲ, ಹೊರಗೆ ಹೋಗಲೂ ಇಲ್ಲ. ಕಾಕಾ ಹುಡುಗಿಯರ ಸಾಲಿನಲ್ಲಿ ನೆಲದ ಮೇಲೆ ಕುಳಿತು, ತಾನು ಮೊದಲ ಸಲ ನೋಡುತ್ತಿರುವವನ ಹಾಗೆ ನೋಡಿದ. ಬಾವಿ ಸಿಕ್ಕಾಗ ಕಣ್ಣೊರೆಸಿಕೊಂಡ. ಆಮೇಲೆ ತನ್ನ ಪೆಟ್ಟಿಗೆಯಿಂದ ಕೆಂಪು ಬಳೆ ತೆಗೆದು ಅವಳ ಕೈಗೆ ಏರಿಸಿದ. ಅಳತೆ ಕೇಳಲಿಲ್ಲ, ಸರಿಯಾಗೇ ಕುಳಿತವು.

ಪಾಂಡಪ್ಪ ಹೂಂ ಎಂದನೋ ಉಹೂಂ ಎಂದನೋ ಜೂನ್ ಬರುವವರೆಗೆ ನನಗೆ ತಿಳಿಯಲಿಲ್ಲ. ಬೇಸಿಗೆ ಪೂರ್ತಿ ದಿನ ಎಣಿಸಿದೆ. ಕಾಕಾನಿಗೂ ಹಾಗೇ ಆಗಿತ್ತೋ ಏನೋ, ಹೈಸ್ಕೂಲು ಶುರುವಾಗುವ ದಿನ ಹುನಗುಂದದಿಂದ ಮೊದಲ ಬಸ್ಸಿಗೇ ಬಂದು ಊರ ಮುಂದಿನ ಬೇವಿನ ಮರದ ಕೆಳಗೆ ಪೆಟ್ಟಿಗೆ ಬಿಚ್ಚಿ ಕುಳಿತಿದ್ದ. ಅಷ್ಟು ಬೆಳಿಗ್ಗೆ ಬಳೆ ಇಡಿಸಿಕೊಳ್ಳಲು ಯಾರು ಬರುತ್ತಾರೆ? ನಾನೂ ಹೋಗಿ ಪಕ್ಕದಲ್ಲಿ ಕುಳಿತೆ.

ಐಹೊಳೆಯ ಹೈಸ್ಕೂಲಿನ ದಾರಿಗೆ ಹುಡುಗಿಯರು ಬಂದರು. ನಾಲ್ವರು. ಸೈಕಲ್ಲು ಇನ್ನೂ ಬಂದಿರಲಿಲ್ಲ, ನಡೆದೇ ಹೊರಟಿದ್ದರು, ಹೊಸ ಪಾಟಿಚೀಲ, ಎಣ್ಣೆ ಹಚ್ಚಿ ಹೆಣೆದ ಜಡೆ. ಮಹಾನಂದಾ ನಾಲ್ಕು ಹೆಜ್ಜೆ ಮುಂದಿದ್ದಳು. ನಮ್ಮನ್ನು ನೋಡಿ ಕೈ ಎತ್ತಿದಳು, ನಿಲ್ಲಲಿಲ್ಲ.

ಕಾಕಾ ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಅವರು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಆ ಹಳೆಯ ಗತ್ತು ಅವನ ದನಿಗೆ ಮರಳಿ ಬಂದಿತ್ತು.

“ಮುಂದ ನಡದಾಕೀನ ನೋಡಿದ್ಯಾ ದಾನವ್ವ? ಕೈಯಾಗ ಬಳಿ ಅದಾವು.”